ಭಂಡಾರದ ಹಳದಿ ಮತ್ತು ಕ್ಯಾಮರದ ಕಚ್ಚಾ ಲೆಕ್ಕ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ, ಮಂಗಸೂಳಿ ಎಂಬ ಊರಿದೆ. ಅಲ್ಲಿಯ ಮಲ್ಲಯ್ಯನನ್ನು ಗಡಿಯಾಚೆಯ ಭಕ್ತರು ಖಂಡೋಬನೆಂದು ಕರೆಯುತ್ತಾರೆ. ಹೆಸರು ಯಾವುದಾದರೇನು, ದೇವರಿಗೆ ಸಲ್ಲುವ ಸೇವೆ ಒಂದೇ: ಭಂಡಾರ, ಎಂದರೆ ಅರಿಸಿನದ ಪುಡಿ. ಜಾತ್ರೆಯ ದಿನ ಅದನ್ನು ಹಿಡಿಹಿಡಿಯಾಗಿ ಮೇಲಕ್ಕೆ ತೂರುತ್ತಾರೆ. ಗುಡಿಯ ಮೆಟ್ಟಿಲು, ಜನರ ತಲೆ, ಎತ್ತಿನ ಕೊಂಬು, ಅಂಗಡಿಯ ಪರದೆ ಎಲ್ಲವೂ ಅರ್ಧ ಗಳಿಗೆಯೊಳಗೆ ಹಳದಿಯಾಗುತ್ತವೆ. ಇದನ್ನು ಕಣ್ಣಾರೆ ಕಂಡವರು ಮರೆಯಲಾರರು. ಆದರೆ ಇದರ ಛಾಯಾಚಿತ್ರವನ್ನು ತೆಗೆಯಹೋದವರಲ್ಲಿ ಬಹುಮಂದಿ ನಿರಾಶರಾಗಿದ್ದಾರೆ. ಹಾಗೆ ನಿರಾಶನಾದವರಲ್ಲಿ ನಾನೂ ಒಬ್ಬ.

ಮಂಗಸೂಳಿ ನನ್ನ ತಾಯಿಯ ತವರೂರು. ೨೦೧೬ರಲ್ಲಿ, ಸಂಬಳದ ಹಣದಿಂದ ಕೊಂಡ ಹೊಸ ಕ್ಯಾಮರವನ್ನು ಕೊರಳಿಗೆ ಹಾಕಿಕೊಂಡು ಜಾತ್ರೆಗೆ ಹೋಗಿದ್ದೆ. ಅಜ್ಜ ಕೈಯಲ್ಲಿ ಹಿತ್ತಾಳೆಯ ತಾಟು ಹಿಡಿದು, ಕರಿಕಲ್ಲಿನ ಗೋಡೆಯ ಮುಂದೆ, ಬಿಸಿಲಿನಲ್ಲಿ ನಿಂತಿದ್ದರು. ಬಿಳಿಯ ರುಮಾಲೂ ಹೆಗಲಿನ ಮೇಲಿನ ಶಲ್ಯವೂ ಭಂಡಾರದಲ್ಲಿ ಮಿಂದಿದ್ದವು. ಒಂದೇ ಚಿತ್ರ ತೆಗೆದೆ. ಅಷ್ಟರಲ್ಲಿ ಪಲ್ಲಕ್ಕಿ ಬಂದಿತೆಂದು ಅವರು ಹೊರಟುಹೋದರು. ಅದನ್ನು ಅಚ್ಚು ಹಾಕಿಸಿ ತಂದಾಗ ಅವ್ವ ಬಹಳ ಹೊತ್ತು ನೋಡಿ, “ತಮ್ಮಾ, ಇದು ಭಂಡಾರದ ಬಣ್ಣ ಅಲ್ಲೋ, ನಿಂಬಿಹಣ್ಣಿಂದು. ಅಪ್ಪನ ಮಾರೀನೂ ಕತ್ತಲದಾಗ ಹೋಗೇತಿ” ಎಂದಳು. ಅವಳ ಮಾತು ನಿಜವಾಗಿತ್ತು. ಶಲ್ಯದಲ್ಲಿ ಒಂದು ಮಡಿಕೆಯೂ ಕಾಣದೆ ಹಳದಿಯ ಕಾಗದವನ್ನು ಕತ್ತರಿಸಿ ಅಂಟಿಸಿದಂತಿತ್ತು. ರುಮಾಲಿನ ನೆರಳಿನಲ್ಲಿ ಮುಖ ಮಸಕಾಗಿತ್ತು. ಐದು ವರ್ಷಗಳ ತರುವಾಯ ಅಜ್ಜ ತೀರಿಕೊಂಡರು. ಭಂಡಾರ ಹಚ್ಚಿಕೊಂಡ ಅವರ ಚಿತ್ರ ನಮ್ಮಲ್ಲಿ ಇದೊಂದೇ.

ಅದೃಷ್ಟವಶಾತ್ ಆ ದಿನ ಕ್ಯಾಮರ ಪ್ರತಿಯೊಂದು ಚಿತ್ರವನ್ನೂ ಎರಡು ಬಗೆಯಾಗಿ ಬರೆದಿಡುವಂತೆ ತಿರುಗಿಸಿಟ್ಟಿದ್ದೆ. ಏಕೆಂದು ಆಗ ನನಗೂ ತಿಳಿದಿರಲಿಲ್ಲ. ಯಾರೋ ಹಾಗೆ ಮಾಡೆಂದಿದ್ದರು. ಒಂದು ಬಗೆ ನಾವೆಲ್ಲರೂ ಬಲ್ಲ ಜೆಪೆಗ್ ಚಿತ್ರ. ಇನ್ನೊಂದು, ಅದರ ಅನೇಕ ಪಟ್ಟು ದೊಡ್ಡದಾದ, ಸಾಮಾನ್ಯ ಫೋನಿನಲ್ಲಿ ತೆರೆಯಲೂ ಒಲ್ಲದ ಒಂದು ಫೈಲು. ಛಾಯಾಗ್ರಾಹಕರು ಇದನ್ನು ‘ರಾ ಫೈಲು’ ಎನ್ನುತ್ತಾರೆ. ಕಚ್ಚಾ ಫೈಲು ಎಂದರೂ ಸಲ್ಲುತ್ತದೆ. ಅಂಗಡಿಕಾರರು ಇಡುವ ಕಚ್ಚಾ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ಹೋಲಿಕೆ ಬಹಳ. ಇದರಲ್ಲಿ ಇರುವುದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಇದರಲ್ಲಿ ಚಿತ್ರವಿಲ್ಲ, ಅಳತೆಗಳಿವೆ. ಚಿತ್ರವನ್ನು ಆ ಅಳತೆಗಳಿಂದ ಮಾಡಿಕೊಳ್ಳಬೇಕು.

ಕ್ಯಾಮರದ ಮಸೂರದ ಹಿಂದೆ, ಹಿಂದಿನ ಕಾಲದಲ್ಲಿ ಫಿಲ್ಮು ಇರುತ್ತಿದ್ದ ಎಡೆಯಲ್ಲಿ, ಈಗ ಸಿಲಿಕಾನಿನ ಒಂದು ಹಲಗೆ ಇರುತ್ತದೆ. ಚದುರಂಗದ ಮಣೆಯಂತೆ ಅದರಲ್ಲಿ ಲಕ್ಷಾಂತರ, ಕೋಟ್ಯಂತರ ಮನೆಗಳಿವೆ. ಪಿಕ್ಸೆಲ್ ಎಂಬುದು ಈ ಮನೆಗೆ ಇಟ್ಟ ಹೆಸರು. ಬೆಳಕಿನ ಕಣವಾದ ಫೋಟಾನು ಸಿಲಿಕಾನಿಗೆ ಬಡಿದಾಗ ಅಲ್ಲಿಂದ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಕ್ಯಾಮರದ ಕಿಂಡಿ ತೆರೆದಿರುವಷ್ಟು ಹೊತ್ತು ಪ್ರತಿ ಮನೆಯೂ ತನ್ನ ಪಾಲಿನ ಎಲೆಕ್ಟ್ರಾನುಗಳನ್ನು, ಹೊಲದಲ್ಲಿಟ್ಟ ಮಳೆಮಾಪಕಗಳು ನೀರನ್ನು ಹಿಡಿಯುವಂತೆ, ಕೂಡಿಹಾಕುತ್ತದೆ. ಕಿಂಡಿ ಮುಚ್ಚಿದ ಮೇಲೆ ಒಂದೊಂದು ಮನೆಯಲ್ಲಿ ಎಷ್ಟು ಕೂಡಿತೆಂದು ಅಳೆದು ಅಂಕೆಯಾಗಿ ಬರೆಯುವುದು. ಇಮ್ಮಡಿ ಬೆಳಕು ಬಿದ್ದರೆ ಇಮ್ಮಡಿ ಅಂಕೆ. ನಾಲ್ಮಡಿ ಬಿದ್ದರೆ ನಾಲ್ಮಡಿ. ಇಷ್ಟು ಸರಳವಾದ ಅನುಪಾತ ಫಿಲ್ಮಿನಲ್ಲಿ ಇರಲಿಲ್ಲ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಈ ಬಗೆಯ ಸಾಧನಕ್ಕೆ ಅಡಿಗಲ್ಲು ಹಾಕಿದರು. ೨೦೦೯ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಂದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲೆಕ್ಟ್ರಾನಿಗೆ ಬಣ್ಣವಿಲ್ಲ. ಕೆಂಪು ಬೆಳಕಿನಿಂದ ಬಿಡುಗಡೆಯಾದ ಎಲೆಕ್ಟ್ರಾನಿಗೂ ಹಸಿರಿನಿಂದ ಬಿಡುಗಡೆಯಾದುದಕ್ಕೂ ಭೇದವಿಲ್ಲ. ಹಾಗಾದರೆ ಬಣ್ಣ ಎಲ್ಲಿಂದ ಬಂದಿತು? ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತ ಇದಕ್ಕೊಂದು ಉಪಾಯವನ್ನು ಹೂಡಿ ೧೯೭೬ರಲ್ಲಿ ಪೇಟೆಂಟು ಪಡೆದ. ಪ್ರತಿ ಮನೆಯ ಮೇಲೂ ಒಂದು ಬಣ್ಣದ ಶೋಧಕವನ್ನು ಹೊದಿಸುವುದು. ನಾಲ್ಕು ಮನೆಗಳ ಪ್ರತಿ ಗುಂಪಿನಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ನಮ್ಮ ಕಣ್ಣು ಚಿತ್ರದ ನಯವಾದ ವಿವರವನ್ನು ಹೆಚ್ಚಾಗಿ ಹಸಿರಿನ ಸುತ್ತಣ ಬೆಳಕಿನಿಂದಲೇ ಗ್ರಹಿಸುವುದರಿಂದ ಹಸಿರಿಗೆ ಇಮ್ಮಡಿ ಪಾಲು. ಇಂದಿಗೂ ಹೆಚ್ಚಿನ ಕ್ಯಾಮರಗಳಲ್ಲಿ ಇದೇ ಏರ್ಪಾಡು ನಡೆದುಬಂದಿದೆ.

ಇದರ ಫಲವನ್ನು ಸ್ವಲ್ಪ ಯೋಚಿಸಿ ನೋಡಿ. ಒಂದು ಮನೆ ಒಂದೇ ಬಣ್ಣವನ್ನು ಅಳೆದಿದೆ. ಆದರೆ ಚಿತ್ರದ ಪ್ರತಿಯೊಂದು ಬಿಂದುವಿಗೂ ಮೂರು ಬಣ್ಣಗಳ ಅಂಕೆ ಬೇಕು. ಉಳಿದ ಎರಡನ್ನು ನೆರೆಮನೆಗಳನ್ನು ಕೇಳಿ ಊಹಿಸಬೇಕು. ಎಂದರೆ ನಾವು ನೋಡುವ ಯಾವುದೇ ಬಣ್ಣದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ಊಹೆ! ಸಾಮಾನ್ಯವಾಗಿ ಊಹೆ ಚೆನ್ನಾಗಿಯೇ ಇರುತ್ತದೆ. ಆದರೆ ಒತ್ತೊತ್ತಾದ ಚೌಕಳಿಯ ಇಳಕಲ್ಲ ಸೀರೆಯನ್ನು ತುಸು ದೂರದಿಂದ ಚಿತ್ರಿಸಿದಾಗ, ಸೀರೆಯಲ್ಲಿ ಇಲ್ಲದ ಹಸಿರು, ನೇರಿಳೆ ಪಟ್ಟಿಗಳು ಚಿತ್ರದಲ್ಲಿ ತೇಲಾಡುವುದುಂಟು. ಎಳೆಗಳ ಅಂತರವೂ ಮನೆಗಳ ಅಂತರವೂ ಸರಿಸಮವಾಗಿ ಬಂದು ಊಹೆ ದಾರಿತಪ್ಪಿತೆಂದು ಇದರ ಅರ್ಥ.

ಬಣ್ಣ ತುಂಬುವುದು ಮೊದಲ ಹೆಜ್ಜೆ. ಜೆಪೆಗ್ ಚಿತ್ರವನ್ನು ಬರೆಯುವಾಗ ಕ್ಯಾಮರ ಇನ್ನೂ ಮೂರು ಕೆಲಸಗಳನ್ನು ಕ್ಷಣಾರ್ಧದಲ್ಲಿ, ನಮ್ಮನ್ನು ಕೇಳದೆಯೇ, ಮಾಡಿ ಮುಗಿಸುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕೆಂಪು, ನೀಲಿ ಅಂಕೆಗಳನ್ನು ಹಿಗ್ಗಿಸುತ್ತದೆ. ಕಣ್ಣಿಗೆ ಹಿತವಾಗುವಂತೆ ನೆರಳನ್ನು ಎತ್ತಿ ಬೆಳಕನ್ನು ಅದುಮುತ್ತದೆ. ಕಡೆಗೆ ಫೈಲು ಚಿಕ್ಕದಾಗಲೆಂದು ಹಲವು ವಿವರಗಳನ್ನು ಕಿತ್ತೊಗೆಯುತ್ತದೆ. ಅಜ್ಜನ ಶಲ್ಯ ನಿಂಬೆಯ ಬಣ್ಣವಾದುದು ಇವುಗಳಲ್ಲಿ ಮೊದಲನೆಯದರಿಂದ. ಆದುದರಿಂದ ಅದನ್ನು ತುಸು ವಿವರವಾಗಿ ನೋಡೋಣ.

ಅರಿಸಿನದಲ್ಲಿರುವ ಕರ್ಕುಮಿನ್ ಎಂಬ ವಸ್ತು ನೇರಿಳೆ, ನೀಲಿ ಬೆಳಕನ್ನು ನುಂಗುತ್ತದೆ. ಸುಮಾರು ೪೨೫ ನ್ಯಾನೋಮೀಟರ್ ಅಲೆಯುದ್ದದ ಬೆಳಕೆಂದರೆ ಅದಕ್ಕೆ ಬಲು ಪ್ರೀತಿ. ಹಸಿರಿನಲ್ಲಿ ಅರ್ಧದಷ್ಟನ್ನೂ ಕೆಂಪಿನಲ್ಲಿ ಬಹುಪಾಲನ್ನೂ ಹಿಂದಕ್ಕೆ ಎಸೆಯುತ್ತದೆ. ಆದುದರಿಂದಲೇ ಭಂಡಾರದ ಹಳದಿಯಲ್ಲಿ ಕಿತ್ತಳೆಯ ಸುಳುಹಿದೆ. ಇತ್ತ ಕ್ಯಾಮರದ ಕಡೆಗೆ ತಿರುಗಿದರೆ, ಸಿಲಿಕಾನೂ ಶೋಧಕಗಳೂ ಕೂಡಿ ಹಸಿರಿಗೆ ಹೆಚ್ಚು ಸ್ಪಂದಿಸುತ್ತವೆ. ಬಿಸಿಲಿನಲ್ಲಿಟ್ಟ ಬಿಳಿಯ ಕಾಗದದಿಂದ ಕೆಂಪಿನ ಮನೆಗಳಿಗೆ ಹಸಿರಿನ ಮನೆಗಳ ಅರ್ಧದಷ್ಟು ಮಾತ್ರ ಅಂಕೆ ಬರುವುದು ಸಾಮಾನ್ಯ. ಬಿಳಿ ಬಿಳಿಯಾಗಿ ಕಾಣಬೇಕಾದರೆ ಕೆಂಪನ್ನು ಎರಡರಿಂದ ಗುಣಿಸಬೇಕು, ನೀಲಿಯನ್ನು ಒಂದೂವರೆಯಿಂದ.

ತಿಳಿಯಲು ಅನುಕೂಲವಾಗಲೆಂದು ದುಂಡಾದ ಅಂಕೆಗಳನ್ನು ಹಿಡಿಯೋಣ. ನನ್ನ ಕ್ಯಾಮರದ ಅಳತೆಗೋಲಿನಲ್ಲಿ ಸೊನ್ನೆಯಿಂದ ೧೬,೩೮೩ರ ವರೆಗೆ ಗುರುತುಗಳಿವೆ. ಹಿಂದಿನ ಕರಿಗೋಡೆಯನ್ನು ಕಂಡು ಕ್ಯಾಮರ ಬೆಳಕನ್ನು ತುಸು ಹೆಚ್ಚಾಗಿಯೇ ಒಳಬಿಟ್ಟಿತ್ತು. ಶಲ್ಯದ ಬಿಸಿಲು ಬಿದ್ದ ಮಡಿಕೆಯಲ್ಲಿ ಕೆಂಪು ೯,೦೦೦, ಹಸಿರು ೮,೦೦೦, ನೀಲಿ ೫೦೦ ಎಂದು ಅಳೆಯಲ್ಪಟ್ಟಿತೆನ್ನಿ. ಪಕ್ಕದ ನೆರಳಿನ ಮಡಿಕೆಯಲ್ಲಿ ಕೆಂಪು ೮,೪೦೦. ಕ್ಯಾಮರ ಎರಡರಿಂದ ಗುಣಿಸಿದಾಗ ೧೮,೦೦೦ ಮತ್ತು ೧೬,೮೦೦ ಆದವು. ಎರಡೂ ಮೇಲಿನ ಮಿತಿಯನ್ನು ದಾಟಿದವು. ದಾಟಿದುದನ್ನೆಲ್ಲ ಕತ್ತರಿಸಿ ೧೬,೩೮೩ ಎಂದೇ ಬರೆದಾಯಿತು. ಮಡಿಕೆಯ ಭೇದ ಅಲ್ಲಿಗೆ ಅಳಿಸಿಹೋಯಿತು. ಅಷ್ಟೇ ಅಲ್ಲ, ಕೆಂಪನ್ನು ಮಾತ್ರ ಕತ್ತರಿಸಿ ಹಸಿರನ್ನು ಹಾಗೆಯೇ ಬಿಟ್ಟುದರಿಂದ ಎರಡರ ನಡುವಣ ಅನುಪಾತ ಕೆಟ್ಟು, ಕಿತ್ತಳೆ ಬೆರೆತ ಹಳದಿ ನಿಂಬೆಯ ಹಳದಿಗೆ ತಿರುಗಿತು. ಅವ್ವ ಕಣ್ಣಳತೆಯಿಂದ ಹೇಳಿದುದು ಗಣಿತಕ್ಕೂ ಸರಿಹೋಗುತ್ತದೆ.

ಇಲ್ಲಿ ಗಮನಿಸಬೇಕಾದುದು ಇದು: ಮೂಲದ ಅಳತೆಯಲ್ಲಿ ಯಾವ ಅಂಕೆಯೂ ಮಿತಿಯನ್ನು ಮುಟ್ಟಿರಲಿಲ್ಲ. ೯,೦೦೦ವೂ ೮,೪೦೦ವೂ ಅಲ್ಲಿ ಬೇರೆಬೇರೆಯಾಗಿಯೇ ಇದ್ದವು. ಮಾಹಿತಿ ನಾಶವಾದುದು ಅಳೆಯುವಾಗ ಅಲ್ಲ, ಅಳೆದ ಮೇಲೆ. ರಾ ಫೈಲಿನಲ್ಲಿ ಗುಣಾಕಾರ ಇನ್ನೂ ನಡೆದಿರುವುದಿಲ್ಲ. ಯಾವುದರಿಂದ ಗುಣಿಸಬಹುದೆಂಬ ಸಲಹೆಯನ್ನು ಮಾತ್ರ ಫೈಲಿನ ತಲೆಯಲ್ಲಿ ಬರೆದಿಟ್ಟಿರುತ್ತದೆ. ಅಜ್ಜನ ಹೊಲದ ಕಬ್ಬನ್ನು ಗಾಣಕ್ಕೆ ಕೊಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಬ್ಬಿನ ಹಾಲಿನಿಂದ ಬೆಲ್ಲವಾಗಲಿ ಜೋನಿಯಾಗಲಿ ಬೇಕಾದುದನ್ನು ಮಾಡಬಹುದು. ಕಾಕಂಬಿ ಸೀದ ಮೇಲೆ ಮತ್ತೆ ಹಾಲು ಮಾಡಲಾಗದು. ಜೆಪೆಗ್ ಬೆಲ್ಲ, ರಾ ಫೈಲು ಹಾಲು.

ಅಂಕೆಗಳ ಮೆಟ್ಟಿಲುಗಳ ಮಾತನ್ನೂ ಹೇಳಬೇಕು. ನನ್ನ ಕ್ಯಾಮರದ ರಾ ಫೈಲಿನಲ್ಲಿ ಒಂದು ಬಣ್ಣಕ್ಕೆ ೧೬,೩೮೪ ಮೆಟ್ಟಿಲುಗಳು (ಎರಡನ್ನು ಹದಿನಾಲ್ಕು ಸಲ ಗುಣಿಸಿದರೆ ಬರುವ ಸಂಖ್ಯೆ). ಜೆಪೆಗ್‌ನಲ್ಲಿ ೨೫೬ ಮಾತ್ರ. ಹೀಗಿದ್ದರೂ ಜೆಪೆಗ್ ಕಣ್ಣಿಗೆ ಕೊರತೆಯಾಗಿ ಕಾಣುವುದಿಲ್ಲ. ೧೯೯೨ರಲ್ಲಿ ಈ ಪದ್ಧತಿಯನ್ನು ಗೊತ್ತುಮಾಡಿದವರು ಕಣ್ಣಿನ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಹೋಳುಮಾಡಿ, ಪ್ರತಿ ಚೌಕದಲ್ಲಿಯೂ ಕಣ್ಣು ಗುರುತಿಸಲಾರದ ಸೂಕ್ಷ್ಮವಾದ ಏರಿಳಿತಗಳನ್ನು ಬಿಟ್ಟುಬಿಡುವುದು ಅದರ ಕ್ರಮ. ಚಿತ್ರವನ್ನು ಇದ್ದಂತೆಯೇ ನೋಡುವುದಾದರೆ ಇದರಲ್ಲಿ ನಷ್ಟವೇನೂ ಇಲ್ಲ. ಮನೆಮಂದಿಗೆ ಕಳುಹಿಸುವ ದಿನನಿತ್ಯದ ಚಿತ್ರಗಳಿಗೆ ರಾ ಫೈಲು ಬೇಕೆಂದು ಹಟಹಿಡಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ತೊಂದರೆ ಬರುವುದು ಕತ್ತಲಾದ ಮುಖವನ್ನು ಬೆಳಗಿಸಹೋದಾಗ. ಕಣ್ಣಿಗೆ ಕಾಣದೆಂದು ಬಿಟ್ಟುಹೋದ ವಿವರವೇ ಆಗ ಬೇಕಾಗುತ್ತದೆ.

ಕಳೆದ ಬೇಸಗೆಯ ರಜೆಯಲ್ಲಿ ಅಜ್ಜನ ರಾ ಫೈಲನ್ನು ತೆರೆದು ಕುಳಿತೆ. ಇದಕ್ಕೆಂದೇ ಮಾಡಿದ ತಂತ್ರಾಂಶಗಳಿವೆ. ಹಣ ಕೊಟ್ಟು ಕೊಳ್ಳುವಂಥವೂ ಉಂಟು, ಡಾರ್ಕ್‌ಟೇಬಲ್‌ನಂತೆ ಧರ್ಮಾರ್ಥವಾಗಿ ದೊರೆಯುವಂಥವೂ ಉಂಟು. ಮೊದಲು ಒಟ್ಟು ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಅನಂತರ ಕೆಂಪನ್ನು ಎರಡರಿಂದ ಗುಣಿಸಿದಾಗ ೯,೦೦೦ ಮತ್ತೆ ೯,೦೦೦ವೇ ಆಗಿ ನಿಂತಿತು, ೮,೪೦೦ ಅದರ ಪಕ್ಕದಲ್ಲಿ ಉಳಿಯಿತು. ಪರದೆಯ ಮೇಲೆ ಶಲ್ಯದ ಮಡಿಕೆಗಳು ಒಂದೊಂದಾಗಿ ಎದ್ದವು. ಹಳದಿಯಲ್ಲಿ ಕಿತ್ತಳೆಯ ಸುಳುಹು ಮರಳಿತು. ಬಳಿಕ ಮುಖದ ಭಾಗವನ್ನು ಮಾತ್ರ ಆರಿಸಿ ಬೆಳಗಿಸಿದೆ. ರುಮಾಲಿನ ಅಂಚಿನ ಕೆಳಗೆ ಹುಬ್ಬು ಕಂಡಿತು, ಕಣ್ಣು ಕಂಡಿತು, ಮೀಸೆಯ ಬಿಳಿಗೂದಲಿನಲ್ಲಿ ಸಿಕ್ಕಿಕೊಂಡ ಭಂಡಾರದ ಪುಡಿ ಕಂಡಿತು. ಐದಾರು ನಿಮಿಷ ನಾನು ಮುಂದೆ ಏನನ್ನೂ ಮಾಡಲಿಲ್ಲ.

ಹಾಗೆಂದು ರಾ ಫೈಲಿನಲ್ಲಿ ಎಲ್ಲವೂ ಇರುತ್ತದೆಂದು ತಿಳಿಯಬಾರದು. ಹಿತ್ತಾಳೆಯ ತಾಟಿನ ಅಂಚಿನಲ್ಲಿ ಸೂರ್ಯನ ಪ್ರತಿಬಿಂಬ ಬಿದ್ದ ಕಡೆ ಮನೆಗಳು ತುಂಬಿ ತುಳುಕಿದ್ದವು. ಮೂರು ಬಣ್ಣಗಳೂ ಮಿತಿಯನ್ನು ಮುಟ್ಟಿದ್ದವು. ತುಂಬಿದ ಮಳೆಮಾಪಕವನ್ನು ನೋಡಿ ಎಷ್ಟು ಹೊರಚೆಲ್ಲಿತೆಂದು ಯಾರು ಹೇಳಬಲ್ಲರು? ಕತ್ತಲಿನ ತುದಿಯಲ್ಲಿಯೂ ಒಂದು ಮೇರೆಯಿದೆ. ಫೋಟಾನುಗಳು ಮಳೆಯ ಹನಿಗಳಂತೆ ಅಡ್ಡಾದಿಡ್ಡಿಯಾಗಿ ಬೀಳುತ್ತವೆ. ಹತ್ತು ಸಾವಿರ ಫೋಟಾನುಗಳನ್ನು ನಿರೀಕ್ಷಿಸಿದ ಕಡೆ ಅವುಗಳ ವರ್ಗಮೂಲದಷ್ಟು, ಎಂದರೆ ನೂರರಷ್ಟು, ಹೆಚ್ಚುಕಡಮೆಯಾಗುವುದು ಸಹಜ; ಅದು ಶೇಕಡ ಒಂದು. ನೂರನ್ನೇ ನಿರೀಕ್ಷಿಸಿದ ಕಡೆ ಹತ್ತರಷ್ಟು ಹೆಚ್ಚುಕಡಮೆ. ಅದು ಶೇಕಡ ಹತ್ತು. ಆದುದರಿಂದ ಅಜ್ಜನ ಕುತ್ತಿಗೆಯ ನೆರಳನ್ನು ಎಷ್ಟು ಬೆಳಗಿಸಿದರೂ ಅಲ್ಲಿ ಮರಳು ಚೆಲ್ಲಿದಂತೆ ಕಾಣುವುದೇ ಹೊರತು ಚರ್ಮ ಕಾಣುವುದಿಲ್ಲ. ಇದು ಕ್ಯಾಮರದ ದೋಷವಲ್ಲ, ಬೆಳಕಿನ ಗುಣ.

ಇನ್ನೊಂದು ತೊಡಕು ಎದುರಾಯಿತು. ಅರಿಸಿನದ ನಿಜವಾದ ಬಣ್ಣ ಯಾವುದು? ಕೆಂಪನ್ನು ಎರಡರಿಂದಲೇ ಏಕೆ ಗುಣಿಸಬೇಕು, ೧.೮ರಿಂದ ಏಕಲ್ಲ? ಚಿತ್ರದಲ್ಲಿ ಬಿಳಿಯ ವಸ್ತುವೊಂದಿದ್ದರೆ ಅದನ್ನು ಹಿಡಿದು ಗುಣಾಂಕವನ್ನು ಗೊತ್ತುಮಾಡಬಹುದು. ಆದರೆ ರುಮಾಲು ಹಳದಿ, ಧೋತರ ಹಳದಿ, ಹಣೆಯ ವಿಭೂತಿಯ ಮೇಲೂ ಹಳದಿ! ಅದೇ ದಿನ ಚಪ್ಪರದ ಕೆಳಗೆ ತೆಗೆದ ಮಕ್ಕಳ ಚಿತ್ರದಲ್ಲಿ ಗುಣಾಂಕವನ್ನು ಕ್ಯಾಮರಕ್ಕೇ ಬಿಟ್ಟಿದ್ದೆ. ಇಂಥ ಕಡೆ ಕ್ಯಾಮರ ಬಳಸುವ ಹಳೆಯ ಸೂತ್ರವೊಂದಿದೆ: ನೋಟದ ಎಲ್ಲ ಬಣ್ಣಗಳ ಸರಾಸರಿ ಬೂದು ಎಂದು ಭಾವಿಸುವುದು. ಹಳದಿಯೇ ತುಂಬಿದ ನೋಟವನ್ನು ಕಂಡು, ಬೆಳಕೇ ಹಳದಿಯಾಗಿದೆಯೆಂದು ಬಗೆದು, ಅದು ನೀಲಿಯನ್ನು ಸುರಿದುಬಿಟ್ಟಿತು. ಭಂಡಾರ ಬಿಳಿಚಿಕೊಂಡಿತು, ಮಕ್ಕಳು ಚಳಿಹಿಡಿದವರಂತೆ ಕಂಡರು.

ಒಂದೇ ಬಣ್ಣದಲ್ಲಿ ಮುಳುಗಿದ ನೋಟ, ಆಸರೆಗೆ ಬಿಳಿಯ ವಸ್ತು ಇಲ್ಲ: ಇದೇ ಕಷ್ಟ ಮಂಗಸೂಳಿಗಿಂತ ಬಹುದೂರದ ಒಂದು ಎಡೆಯಲ್ಲಿಯೂ ಒದಗಿತ್ತು. ೧೯೭೬ರ ಜುಲೈ ೨೦ರಂದು ಅಮೆರಿಕದ ವೈಕಿಂಗ್-೧ ನೌಕೆ ಮಂಗಳಗ್ರಹದ ಮೇಲೆ ಇಳಿಯಿತು. ಅದರ ಕ್ಯಾಮರ ಇಂದಿನ ಬಗೆಯದಲ್ಲದಿದ್ದರೂ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಅಳೆದು ಕಳುಹಿಸುತ್ತಿತ್ತು. ಮರುದಿನ ಹೊರಬಂದ ಮೊದಲ ಬಣ್ಣದ ಚಿತ್ರದಲ್ಲಿ ಮಂಗಳದ ಆಕಾಶ ನಮ್ಮ ಆಕಾಶದಂತೆಯೇ ನೀಲಿಯಾಗಿತ್ತು. ಬಣ್ಣಗಳನ್ನು ಹೊಂದಿಸುವುದರಲ್ಲಿ ತಪ್ಪಾಗಿತ್ತು. ನೌಕೆಯ ಮೇಲೆಯೇ ಅಂಟಿಸಿದ್ದ ಬಣ್ಣದ ಪಟ್ಟಿಗಳನ್ನು ಆಧಾರವಾಗಿಟ್ಟುಕೊಂಡು ಅದೇ ಅಂಕೆಗಳನ್ನು ಮತ್ತೊಮ್ಮೆ ಹೊಂದಿಸಿದಾಗ, ಧೂಳಿನಿಂದ ಕೂಡಿದ ನಸುಗೆಂಪಿನ ಆಕಾಶ ಮೂಡಿಬಂದಿತು. ಅಂಕೆಗಳು ಉಳಿದಿದ್ದವು, ಆದುದರಿಂದ ತಿದ್ದಲು ಸಾಧ್ಯವಾಯಿತು.

ನಮ್ಮ ಮಂಗಳಯಾನದ ಕಥೆಯೂ ಇದಕ್ಕೆ ಸೇರಿದುದೇ. ೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟದಿಂದ ಹೊರಟ ಆ ನೌಕೆ ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆಯನ್ನು ಸೇರಿತು. ಅದರಲ್ಲಿದ್ದ ಬಣ್ಣದ ಕ್ಯಾಮರವನ್ನು ಅಹಮದಾಬಾದಿನಲ್ಲಿ ನಿರ್ಮಿಸಿದ್ದರು. ಒಂದೊಂದು ಸಾಲಿಗೆ ೨,೦೪೮ರಂತೆ ೨,೦೪೮ ಸಾಲುಗಳು, ಒಟ್ಟು ಸುಮಾರು ೪೨ ಲಕ್ಷ ಮನೆಗಳು. ಅವುಗಳ ಮೇಲೆ ಬೇಯರನ ಅದೇ ಕೆಂಪು, ಹಸಿರು, ನೀಲಿ ಮಣೆ. ನನ್ನ ಕೊರಳಿನ ಕ್ಯಾಮರಕ್ಕೂ ಮಂಗಳನನ್ನು ಸುತ್ತಿದ ಕ್ಯಾಮರಕ್ಕೂ ಮೂಲತತ್ತ್ವ ಒಂದೇ ಎಂಬುದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಂಬುವುದಿಲ್ಲ. ಅದು ಕಳುಹಿಸಿದ ಸಂಕೇತಗಳನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ೩೨ ಮೀಟರ್ ಅಗಲದ ಆಂಟೆನಾ ಹಿಡಿಯುತ್ತಿತ್ತು. ೨೦೨೨ರಲ್ಲಿ ನೌಕೆಯ ಸಂಪರ್ಕ ಕಡಿದುಹೋಯಿತು. ಅದು ಅಳೆದ ಅಂಕೆಗಳು ಮಾತ್ರ ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿ ಜೋಪಾನವಾಗಿವೆ. ಇನ್ನಿಪ್ಪತ್ತು ವರ್ಷಗಳ ಮೇಲೆ ಬಣ್ಣ ತುಂಬುವ ಉತ್ತಮವಾದ ಕ್ರಮವೊಂದನ್ನು ಯಾರಾದರೂ ಕಂಡುಹಿಡಿದರೆ, ಮಂಗಳನ ಬಳಿಗೆ ಮತ್ತೆ ಹೋಗದೆಯೇ ಆ ಚಿತ್ರಗಳನ್ನು ಹೊಸದಾಗಿ ಬಿಡಿಸಬಹುದು.

ನನಗೆ ವೈಕಿಂಗಿನ ಬಣ್ಣದ ಪಟ್ಟಿ ಇರಲಿಲ್ಲ. ಕಡೆಗೆ ಗುಡಿಯ ಗೋಡೆಯ ಕರಿಕಲ್ಲನ್ನು ಹಿಡಿದೆ. ನಮ್ಮ ಸೀಮೆಯ ಈ ಅಗ್ನಿಶಿಲೆಯ ಬಣ್ಣ ಬೂದಿಗೆ ಬಹಳ ಹತ್ತಿರ. ಭಂಡಾರ ತಗಲದ ಒಂದು ಮೂಲೆಯನ್ನು ಹುಡುಕಿ, ಅದು ಬೂದಾಗಿ ಕಾಣುವಂತೆ ಗುಣಾಂಕಗಳನ್ನು ಹೊಂದಿಸಿದೆ. ಕಲ್ಲು ಪೂರ್ಣವಾಗಿ ಬೂದೆಂದು ಪ್ರಮಾಣ ಮಾಡಲಾರೆ. ಆದರೂ ಕ್ಯಾಮರದ ಊಹೆಗಿಂತ ಇದು ಮೇಲೆಂದು ನನ್ನ ಎಣಿಕೆ.

ಓದುಗರಲ್ಲಿ ಕ್ಯಾಮರ ಇಲ್ಲದವರು ಬೇಸರಪಡಬೇಕಾಗಿಲ್ಲ. ೨೦೧೪ರಿಂದ ಆಂಡ್ರಾಯ್ಡ್ ಫೋನುಗಳಿಗೂ ೨೦೧೬ರಿಂದ ಐಫೋನಿಗೂ ರಾ ಫೈಲು ಬರೆಯುವ ಅವಕಾಶ ಬಂದಿದೆ. ಎಲ್ಲ ಫೋನುಗಳಲ್ಲಿ ಇಲ್ಲದಿದ್ದರೂ ಅನೇಕವುಗಳಲ್ಲಿ ಉಂಟು. ಅವು ಸಾಮಾನ್ಯವಾಗಿ ಡಿಎನ್‌ಜಿ ಎಂಬ ರೂಪದಲ್ಲಿ ಬರೆಯುತ್ತವೆ. ಕ್ಯಾಮರ ತಯಾರಕರು ಒಬ್ಬೊಬ್ಬರು ಒಂದೊಂದು ಗುಟ್ಟಿನ ರೂಪವನ್ನು ಬಳಸುತ್ತಿದ್ದುದರಿಂದ, ಎಲ್ಲರಿಗೂ ತೆರೆದಿರುವ ರೂಪವೊಂದು ಇರಲೆಂದು ಅಡೋಬಿ ಸಂಸ್ಥೆ ೨೦೦೪ರಲ್ಲಿ ಇದನ್ನು ಹೊರತಂದಿತು.

ಭೌತಶಾಸ್ತ್ರದ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ನಮ್ಮ ಕಾಲೇಜಿನಲ್ಲಿ ನಾನು ಮಾಡಿಸುತ್ತೇನೆ. ಬಿಳಿಯ ಕಾಗದವನ್ನು ಬಿಸಿಲಿನಲ್ಲಿಟ್ಟು, ಉಳಿದುದೇನನ್ನೂ ಬದಲಿಸದೆ, ಸೆಕೆಂಡಿನ ೮೦೦ನೆಯ ಒಂದು ಭಾಗದ ಅವಧಿಯಲ್ಲಿ ಒಂದು ಚಿತ್ರವನ್ನೂ, ೩,೨೦೦ನೆಯ ಒಂದು ಭಾಗದಲ್ಲಿ ಇನ್ನೊಂದನ್ನೂ ತೆಗೆಯಿರಿ. ಮೊದಲನೆಯದರಲ್ಲಿಯೂ ಕಾಗದ ಮಿತಿಯನ್ನು ಮುಟ್ಟದಿರುವಂತೆ ಎಚ್ಚರವಹಿಸಬೇಕು. ಬೆಳಕು ಕಾಲುಭಾಗಕ್ಕೆ ಇಳಿಯಿತಷ್ಟೆ. ಮಸೂರವನ್ನು ಮುಚ್ಚಿ ತೆಗೆದ ಮೂರನೆಯ ಚಿತ್ರದ ಅಂಕೆಯನ್ನು ಎರಡರಿಂದಲೂ ಕಳೆಯಿರಿ; ಕತ್ತಲಿನಲ್ಲಿಯೂ ಕ್ಯಾಮರ ಸೊನ್ನೆಯನ್ನು ತೋರಿಸುವುದಿಲ್ಲ. ರಾ ಫೈಲುಗಳಲ್ಲಿ ಹಸಿರಿನ ಅಂಕೆಗಳು ನಾಲ್ಕಕ್ಕೆ ಒಂದರಂತೆ ಬರುತ್ತವೆ. ಜೆಪೆಗ್‌ನಲ್ಲಿಯೋ, ೨೦೦ ಇದ್ದುದು ೫೦ಕ್ಕೆ ಇಳಿಯಬೇಕಾಗಿದ್ದರೂ ಸುಮಾರು ೧೦೬ರ ಬಳಿ ನಿಲ್ಲುತ್ತದೆ. ತಯಾರಕರ ರುಚಿಗೆ ತಕ್ಕಂತೆ ಈ ಸಂಖ್ಯೆ ತುಸು ಅತ್ತಿತ್ತ ಆಗಬಹುದು. ೫೦ ಮಾತ್ರ ಆಗದು. ನೆರಳನ್ನು ಎತ್ತುತ್ತದೆಂದು ಮೇಲೆ ಹೇಳಿದುದು ಇದನ್ನೇ. ಕೆಲವು ಹೊಸ ಫೋನುಗಳು ಹಲವು ಚಿತ್ರಗಳನ್ನು ಬೆರೆಸಿ, ಅದಕ್ಕೂ ರಾ ಎಂದೇ ಹೆಸರಿಡುತ್ತವೆ. ಅಂಥವುಗಳಲ್ಲಿ ಅನುಪಾತ ತಪ್ಪಿದರೆ ಪ್ರಯೋಗ ಕೆಟ್ಟಿತೆಂದು ತಿಳಿಯಬೇಡಿ. ಫೋನಿನ ಗುಟ್ಟು ಹೊರಬಿದ್ದಿತೆಂದು ತಿಳಿಯಿರಿ.

ಹೊಸದಾಗಿ ಮಾಡಿದ ಚಿತ್ರವನ್ನು ಅವ್ವನಿಗೆ ತೋರಿಸಿದೆ. ಮುಖವನ್ನು ಕಂಡು ಸೆರಗಿನಿಂದ ಕಣ್ಣೊರಸಿಕೊಂಡಳು. ಆಮೇಲೆ, “ಭಂಡಾರ ಇನ್ನಷ್ಟು ಕೆಂಪಿತ್ತಪಾ, ಮೈಮ್ಯಾಲ ಬಿದ್ದರ ಬೆಂಕಿ ಹಂಗ ಕಾಣತಿತ್ತು” ಎಂದಳು. ಕಲ್ಲಿನ ಲೆಕ್ಕವನ್ನು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಅವಳಿಗಾಗಿ ಕೆಂಪಿನ ಗುಣಾಂಕವನ್ನು ಸ್ವಲ್ಪ ಏರಿಸಿ ಇನ್ನೊಂದು ಪ್ರತಿ ತೆಗೆಸಿದೆ. ಅದು ಮಂಗಸೂಳಿಯ ಮನೆಯ ಪಡಸಾಲೆಯಲ್ಲಿದೆ, ಕಲ್ಲಿನ ಲೆಕ್ಕದ್ದು ನನ್ನ ಮೇಜಿನ ಮೇಲಿದೆ. ಮೂಲ ಫೈಲನ್ನು ಎರಡು ಬೇರೆಬೇರೆ ಡಿಸ್ಕುಗಳಿಗೆ ನಕಲು ಮಾಡಿ ಎರಡು ಊರುಗಳಲ್ಲಿ ಇಟ್ಟಿದ್ದೇನೆ. ತಾಟಿನ ಅಂಚಿನ ಆ ಚುಕ್ಕೆ ಎರಡು ಚಿತ್ರಗಳಲ್ಲಿಯೂ ಬೆಳ್ಳಗೇ ಉಳಿದಿದೆ.